ತುಂಗಭದ್ರೆಯ ದಡದ ಟ್ರಾಯ್

ಹೊಸಪೇಟೆಯಲ್ಲಿ ಸಂಸಾರ ಹೂಡಿದವನಿಗೆ ನೆಂಟರ ಬರ ಎಂದಿಗೂ ಇಲ್ಲ. ದಸರೆಯ ರಜೆಗೆ ಮೈಸೂರಿನವರು ಬರುತ್ತಾರೆ, ಡಿಸೆಂಬರಿನಲ್ಲಿ ಬೆಂಗಳೂರಿನವರು, ಬಂಡೆಗಳೆಲ್ಲ ಕಾದು ಕೆಂಡವಾಗಿರುವ ಬೇಸಗೆಯಲ್ಲಿಯೂ ಧಾರವಾಡದವರು ಧೈರ್ಯಮಾಡಿ ಬಂದಿಳಿಯುತ್ತಾರೆ. ಬಂದವರಿಗೆಲ್ಲ ಹಂಪೆಯನ್ನು ತೋರಿಸುವ ಹೊಣೆ ಕನ್ನಡದ ಅಧ್ಯಾಪಕನಾದ ನನ್ನದು. ಕನ್ನಡ ಎಂ.ಎ. ಮಾಡಿದವನಿಗೆ ಹಂಪೆಯ ಕಲ್ಲುಕಲ್ಲಿನ ಜಾತಕವೂ ತಿಳಿದಿರಲೇಬೇಕೆಂದು ನಮ್ಮ ಬಂಧುವರ್ಗದವರು ತೀರ್ಮಾನಿಸಿಬಿಟ್ಟಿದ್ದಾರೆ.

ಬಂದವರು ನೋಡಬಯಸುವ ಊರುಗಳು ಎರಡು. ಹಿರಿಯರಿಗೆ ಬೇಕಾದುದು ಕಿಷ್ಕಿಂಧೆ: ಮತಂಗ ಪರ್ವತ, ಸುಗ್ರೀವನ ಗುಹೆ, ಬಂಡೆಯ ಮೇಲಿನ ಸೀತಾದೇವಿಯ ಸೆರಗಿನ ಗುರುತು, ಹೊಳೆಯಾಚೆಯ ಅಂಜನಾದ್ರಿ. ಕಿರಿಯರಿಗೆ ಬೇಕಾದುದು ವಿಜಯನಗರ: ಮಹಾನವಮಿ ದಿಬ್ಬ, ಆನೆಲಾಯ, ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವ ಕಲ್ಲಿನ ರಥ. ಒಂದು ಪುರಾಣದ ಊರು, ಇನ್ನೊಂದು ಚರಿತ್ರೆಯ ಊರು. ಇವೆರಡರ ನಡುವೆ ಮೂರನೆಯ ಊರೊಂದು ಇದೆ. ಅರ್ಧ ಕಥೆಯೂ ಅರ್ಧ ಚರಿತ್ರೆಯೂ ಆಗಿ, ಇಲ್ಲಿಂದ ಮೂವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಅದೇ ತುಂಗಭದ್ರೆಯ ದಡದಲ್ಲಿ ಕುಳಿತಿದೆ. ಅದನ್ನು ತೋರಿಸೆಂದು ಈವರೆಗೆ ನನ್ನನ್ನು ಯಾರೂ ಕೇಳಿಲ್ಲ. ಅದರ ಹೆಸರು ಕಂಪ್ಲಿ, ಶಾಸನಗಳ ಕಂಪಿಲಿ.

ಆ ಊರಿನ ವಿಚಾರ ಬಂದಾಗಲೆಲ್ಲ ನನಗೆ ಗ್ರೀಕರ ಟ್ರಾಯ್ ಪಟ್ಟಣ ನೆನಪಾಗುತ್ತದೆ. ಟ್ರಾಯ್ ಯುದ್ಧದ ಕಥೆ ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಆ ಯುದ್ಧದ ವೀರ ಅಯಾಕ್ಸನನ್ನು ಕುರಿತ ಗ್ರೀಕ್ ನಾಟಕವನ್ನೇ ಬಿ. ಎಂ. ಶ್ರೀಕಂಠಯ್ಯನವರು ಕುರುಕ್ಷೇತ್ರಕ್ಕೆ ತಂದು 1929ರಲ್ಲಿ 'ಅಶ್ವತ್ಥಾಮನ್' ಆಗಿಸಿದರು. ಸ್ಪಾರ್ಟಾದ ರಾಣಿ ಹೆಲೆನಳನ್ನು ಟ್ರಾಯಿನ ರಾಜಕುಮಾರ ಪ್ಯಾರಿಸನು ಕರೆದೊಯ್ದನು. ಗ್ರೀಕರು ಹಡಗುಗಳಲ್ಲಿ ಬಂದು ಹತ್ತು ವರ್ಷ ಮುತ್ತಿಗೆ ಹಾಕಿದರು. ಕೊನೆಗೆ ಮರದ ಕುದುರೆಯ ಹೊಟ್ಟೆಯೊಳಗೆ ಅಡಗಿ ಒಳಹೊಕ್ಕು ಊರನ್ನು ಸುಟ್ಟರು. ಇಷ್ಟು ಕಥೆ. ಅದರಲ್ಲಿ ಮುತ್ತಿಗೆಯ ಕೊನೆಯ ದಿನಗಳನ್ನು ಮಾತ್ರ ಹೋಮರನು ಹಾಡಿದನು. ಯುದ್ಧ ನಡೆದುದೇ ಆಗಿದ್ದರೆ ಅದು ಕ್ರಿ.ಪೂ. 1200ರ ಆಸುಪಾಸಿನದು, ಹೋಮರನ ಕಾವ್ಯ ಕ್ರಿ.ಪೂ. ಎಂಟನೆಯ ಶತಮಾನದ್ದು. ನಡುವೆ ನಾಲ್ಕು ನೂರು ವರ್ಷಗಳ ಅಂತರ.

ಇದೆಲ್ಲ ಕವಿಯ ಕಟ್ಟುಕಥೆ ಎಂದು ವಿದ್ವಾಂಸರು ಪುಸ್ತಕ ಮುಚ್ಚಿಟ್ಟಿದ್ದಾಗ, ಹೈನ್ರಿಕ್ ಶ್ಲೀಮನ್ ಎಂಬ ಜರ್ಮನ್ ವರ್ತಕ 1870ರ ದಶಕದಲ್ಲಿ ಹೋಮರನನ್ನು ನಂಬಿ ತುರ್ಕಿಯ ಹಿಸಾರ್ಲಿಕ್ ದಿಬ್ಬವನ್ನು ಅಗೆಸಿದನು. ಊರು ಸಿಕ್ಕಿತು. ಒಂದಲ್ಲ, ಒಂದರ ಮೇಲೊಂದು ಒಂಬತ್ತು ಊರುಗಳ ಪದರಗಳು ಸಿಕ್ಕವು. 1873ರಲ್ಲಿ ಆಳದ ಒಂದು ಪದರದಲ್ಲಿ ಚಿನ್ನ ಹೊಳೆದಾಗ ಶ್ಲೀಮನ್ ಅದನ್ನು ಟ್ರಾಯಿನ ಅರಸ ಪ್ರಿಯಾಮನ ನಿಧಿಯೆಂದೇ ಸಾರಿದನು. ಆ ಚಿನ್ನ ಪ್ರಿಯಾಮನ ಕಾಲಕ್ಕಿಂತ ಒಂದು ಸಾವಿರ ವರ್ಷಕ್ಕೂ ಹಳೆಯದೆಂದು ಮುಂದೆ ತಿಳಿಯಿತು. ಅಷ್ಟು ಆಳಕ್ಕೆ ಇಳಿಯುವ ಆತುರದಲ್ಲಿ ಮೇಲಿನ ಪದರಗಳು, ಹೋಮರನ ಊರಿಗೆ ಸೇರಿದ್ದಿರಬಹುದಾದ ಗೋಡೆಗಳೇ, ಅವನ ಗುದ್ದಲಿಗೆ ಆಹುತಿಯಾಗಿದ್ದವು.

ಇಂಥ ಪದರಗಳ ಆಟ ನಮ್ಮಲ್ಲಿಯೂ ಉಂಟು. ಹಂಪೆಗೆ ಸಮೀಪದ ನಿಂಬಾಪುರದಲ್ಲಿ ಬೂದಿಯ ದಿಬ್ಬವೊಂದಿದೆ. ರಾಮಬಾಣಕ್ಕೆ ಬಿದ್ದ ವಾಲಿಯನ್ನು ದಹಿಸಿದ ಚಿತೆಯ ಬೂದಿ ಅದೆಂದು ಜನ ನಂಬುತ್ತಾರೆ. ಇದೇ ಬಗೆಯ ದೊಡ್ಡ ದಿಬ್ಬ ಬಳ್ಳಾರಿಯ ದಾರಿಯಲ್ಲಿ ಕುಡತಿನಿಯ ಬಳಿಯೂ ಇದೆ. ಪುರಾತತ್ವಜ್ಞರು ಇಂಥ ದಿಬ್ಬಗಳನ್ನು ಅಗೆದು ನೋಡಿ ಹೇಳಿದ್ದು ಬೇರೆಯೇ: ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನಾಡಿನಲ್ಲಿ ದನ ಮೇಯಿಸುತ್ತಿದ್ದ ನವಶಿಲಾಯುಗದ ಜನ, ತಮ್ಮ ದೊಡ್ಡಿಗಳಲ್ಲಿ ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರ ಬೂದಿ ಅದು. ವಾಲಿಯ ಚಿತೆ ಎಂದಾಗ ಕೈಮುಗಿದ ನೆಂಟರು, ಸಗಣಿಯ ಬೂದಿ ಎಂದಾಗ ನನ್ನನ್ನು ನೋಡುವ ನೋಟವನ್ನು ವರ್ಣಿಸಲಾರೆ. ಆದರೂ ಒಂದು ಮಾತು. ಇದು ಸಾಧಾರಣ ಮಣ್ಣಲ್ಲ, ಬಹು ಹಿಂದೆ ಇಲ್ಲಿ ಮಹಾ ಬೆಂಕಿಯೊಂದು ಉರಿದಿತ್ತು ಎಂಬುದನ್ನು ಹಳ್ಳಿಯ ಜನ ಪಂಡಿತರಿಗಿಂತ ಮೊದಲೇ ಕಂಡುಕೊಂಡಿದ್ದರು. ಹೆಸರು ಇಟ್ಟದ್ದು ಮಾತ್ರ ತಮಗೆ ಗೊತ್ತಿದ್ದ ಕಥೆಯಿಂದ. ಶ್ಲೀಮನ್ ಮಾಡಿದ್ದೂ ಅದನ್ನೇ ಅಲ್ಲವೇ?

ಇನ್ನು ಕಂಪ್ಲಿಯ ಕಡೆಗೆ ಹೊರಡೋಣ. ಈಗ ಅಲ್ಲಿ ಕಾಣುವುದು ಬತ್ತದ ಗದ್ದೆ, ಬಾಳೆಯ ತೋಟ, ಹೊಳೆಯ ಅಂಚಿನಲ್ಲಿ ಹಳೆಯ ಕೋಟೆ. ಊರು ಮಾತ್ರ ಬಹು ಪ್ರಾಚೀನ. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿ ಚಾಲುಕ್ಯರ ಅರಮನೆ ಇತ್ತು. ಚೋಳ ರಾಜಾಧಿರಾಜನು ಅದನ್ನು ಹಾಳುಗೆಡವಿದುದನ್ನು ಅವನ ಶಾಸನಗಳು ಹೆಮ್ಮೆಯಿಂದ ಹೇಳಿಕೊಂಡಿವೆ. ಹದಿಮೂರನೆಯ ಶತಮಾನದ ಕೊನೆಗೆ ದೇವಗಿರಿಯ ಸೇವುಣರ ಆಶ್ರಯದಲ್ಲಿ ಮುಮ್ಮಡಿ ಸಿಂಗೆಯ ನಾಯಕ ಎಂಬವನು ಇಲ್ಲಿ ತಲೆಯೆತ್ತಿದನು. ದೇವಗಿರಿ ದಿಲ್ಲಿಯ ವಶವಾದ ಮೇಲೆ ಅವನ ಮಗ ಕಂಪಿಲದೇವ ಸ್ವತಂತ್ರನಾದನು. ಒಂದು ಕಡೆ ಹೊಯ್ಸಳ ಬಲ್ಲಾಳ, ಇನ್ನೊಂದು ಕಡೆ ಓರುಗಲ್ಲಿನ ಪ್ರತಾಪರುದ್ರ, ಬಡಗಣ ದಿಕ್ಕಿನಲ್ಲಿ ದಿಲ್ಲಿಯ ಸೈನ್ಯ. ಇವರ ನಡುವೆ ನಾಲಗೆ ಹಲ್ಲುಗಳ ನಡುವೆ ಇರುವಂತೆ ಈ ಪುಟ್ಟ ರಾಜ್ಯ ಇತ್ತು. ಅದಕ್ಕೆ ಆಸರೆಯಾದವು ಎರಡು ಗಿರಿದುರ್ಗಗಳು: ಹೊಳೆಯಾಚೆ ಇಂದಿನ ಗಂಗಾವತಿಯ ಕಡೆಯ ಕುಮ್ಮಟದುರ್ಗ, ಈಚೆ ಸಂಡೂರಿನ ಬೆಟ್ಟಸಾಲಿನಲ್ಲಿ ವಿದ್ವಾಂಸರು ಗುರುತಿಸುವ ಹೊಸಮಲೆದುರ್ಗ.

ಕಂಪಿಲದೇವನ ಕೈಯ ಗುರುತನ್ನು ನೋಡಬೇಕೆಂದವರು ದೂರ ಹೋಗಬೇಕಾಗಿಲ್ಲ. ಹಂಪೆಯ ವಿರೂಪಾಕ್ಷನ ಗುಡಿಯ ಪಕ್ಕದ ಹೇಮಕೂಟದ ಮೇಲೆ ಮೆಟ್ಟಿಲು ಮೆಟ್ಟಿಲಾದ ಶಿಖರಗಳ ಕಲ್ಲಿನ ಗುಡಿಗಳಿವೆ. ಆಕಾರವನ್ನು ನೋಡಿ ಅವನ್ನು ಜೈನ ಬಸದಿಗಳೆಂದು ಬಹುಕಾಲ ಕರೆದರು, ಈಗಲೂ ಕರೆಯುವವರಿದ್ದಾರೆ. ಆದರೆ ಅಲ್ಲಿನ ಶಾಸನ ಹೇಳುವುದು ಇದು: ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವನು ಶಿವಾಲಯವನ್ನು ಕಟ್ಟಿಸಿ, ತನ್ನ ತಂದೆ, ತಾಯಿ ಮತ್ತು ಪೆರುಮೆಯ ನಾಯಕನ ಹೆಸರಿನಲ್ಲಿ ಮೂರು ಲಿಂಗಗಳನ್ನು ಸ್ಥಾಪಿಸಿದನು. ವಿಜಯನಗರ ಹುಟ್ಟುವುದಕ್ಕೆ ಮೊದಲೇ ಮಗನೊಬ್ಬ ಹೆತ್ತವರ ನೆನಪಿಗಾಗಿ ಮಾಡಿದ ಕೆಲಸ ಅದು.

ಆದರೆ ಕನ್ನಡ ಜನ ನೆನಪಿನಲ್ಲಿಟ್ಟುಕೊಂಡುದು ಕಂಪಿಲದೇವನನ್ನಲ್ಲ, ಅವನ ಮಗನನ್ನು. ಗಂಡುಗಲಿ ಕುಮಾರರಾಮನ ಕಥೆಯನ್ನು ಕೇಳದ ಊರು ಈ ಸೀಮೆಯಲ್ಲಿಲ್ಲ. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಹಾಡಿದನು; ಪಾಂಚಾಳ ಗಂಗ ಮೊದಲಾದವರೂ ಹಾಡಿದರು; ಆಟ ಬಯಲಾಟಗಳಿಗೆ ಇಳಿಯಿತು; 2006ರಲ್ಲಿ ಶಿವರಾಜಕುಮಾರ್ ನಾಯಕರಾಗಿ ಚಲನಚಿತ್ರವೂ ಆಯಿತು.

ಕಥೆ ಹೀಗಿದೆ. ಚೆಂಡಾಟದಲ್ಲಿದ್ದ ರಾಮನ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ತರಲು ಹೋದ ರಾಮನಲ್ಲಿ ಮಲತಾಯಿಯ ಮನಸ್ಸು ನೆಡುತ್ತದೆ. ಅವನು ಪರನಾರೀ ಸಹೋದರ. ಒಲ್ಲೆನೆಂದು ಸೆರಗು ಬಿಡಿಸಿಕೊಂಡು ಹೋಗುತ್ತಾನೆ. ಅವಮಾನಗೊಂಡವಳು ಅವನ ಮೇಲೆಯೇ ಅಪವಾದ ಹೊರಿಸುತ್ತಾಳೆ. ಕಂಪಿಲರಾಯ ಹಿಂದುಮುಂದು ನೋಡದೆ ಮಗನ ತಲೆ ಕಡಿಯಲು ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆಯನ್ನು ತೋರಿಸಿ, ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ದಿಲ್ಲಿಯ ದಂಡು ಬಂದು ರಾಯ ದಿಕ್ಕುಗೆಟ್ಟಾಗ, ಸತ್ತನೆಂದುಕೊಂಡ ಮಗನೇ ಹೊರಬಂದು ಊರನ್ನು ಉಳಿಸುತ್ತಾನೆ. ಆದರೆ ದಂಡು ಮತ್ತೆ ಬರುತ್ತದೆ. ಈ ಸಲ ಅದರ ಮುಂದಾಳು ಮಾತಂಗಿ ಎಂಬ ಹೆಂಗಸು. ಹೆಂಗಸಿನ ಮೇಲೆ ಕೈಯೆತ್ತದ ವ್ರತದವನು ಕಾಳಗದಲ್ಲಿ ಮಡಿಯುತ್ತಾನೆ.

ನಮ್ಮ ಕಾಲೇಜಿನಲ್ಲಿ ಸಾಂಗತ್ಯಗಳ ಪಾಠ ಬಂದಾಗ ಈ ಕಥೆಯನ್ನು ಹೇಳದೆ ತೀರದು. ತರಗತಿಯಲ್ಲಿ ಕಂಪ್ಲಿಯಿಂದ ಬಸ್ಸಿನಲ್ಲಿ ಬರುವ ಹುಡುಗರಿರುತ್ತಾರೆ, ಸಂಡೂರಿನಿಂದ ಬರುವ ಹುಡುಗಿಯರಿರುತ್ತಾರೆ. ಅವರಿಗೆ ಇದು ಕಾವ್ಯವಲ್ಲ, ತಮ್ಮ ಊರಿನ ಸುದ್ದಿ. ಹಿಂದಿನ ವರ್ಷ ಕಂಪ್ಲಿಯ ಹುಡುಗನೊಬ್ಬ ಎದ್ದು ನಿಂತು, "ಇದು ನಡೆದದ್ದೇ, ಸಾರ್?" ಎಂದು ಕೇಳಿದ. ನಾನು ಉತ್ತರವನ್ನು ಹೊಂದಿಸಿಕೊಳ್ಳುವಷ್ಟರಲ್ಲಿ ಸಂಡೂರಿನ ಹುಡುಗಿ ಕುಳಿತಲ್ಲಿಂದಲೇ, "ನಡೆದಿದ್ದರೂ ನಡೆಯದಿದ್ದರೂ ತಪ್ಪು ಮಾತ್ರ ಹೆಂಗಸಿನದೇ ಏಕೆ, ಸಾರ್?" ಎಂದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಎರಡೂ ಪ್ರಶ್ನೆಗಳು ನಗುವಂಥವಾಗಿರಲಿಲ್ಲ.

ಮೊದಲು ಆಕೆಯ ಪ್ರಶ್ನೆ. ಮಲತಾಯಿಯ ಮೋಹ, ನಿರಾಕರಣೆ, ಸುಳ್ಳು ದೂರು, ತಂದೆಯ ಕೋಪ: ಈ ಸರಪಣಿ ನಮ್ಮದು ಮಾತ್ರವಲ್ಲ. ಅಶೋಕನ ಮಗ ಕುನಾಲನಿಗೂ ತಿಷ್ಯರಕ್ಷಿತೆಗೂ ಇದೇ ಕಥೆ. ಹೋಮರನ ಕಾವ್ಯದಲ್ಲಿಯೇ ಟ್ರಾಯ್ ಪಕ್ಷದ ವೀರ ಗ್ಲಾಕಸನು ರಣರಂಗದ ನಡುವೆ ನಿಂತು, ತನ್ನ ಅಜ್ಜ ಬೆಲ್ಲೆರೊಫಾನನ ಮೇಲೆ ರಾಣಿಯೊಬ್ಬಳು ಇದೇ ಬಗೆಯ ಅಪವಾದ ಹೊರಿಸಿದುದನ್ನು ಶತ್ರುವಿಗೆ ಹೇಳುತ್ತಾನೆ. ಇಷ್ಟು ನಾಡುಗಳಲ್ಲಿ ಅಲೆದಾಡಿದ ಕಥೆ ಒಂದು ಊರಿನ ಪತನಕ್ಕೆ ಬಂದು ಅಂಟಿಕೊಂಡಾಗ, ಅದು ಆ ಊರಿನಲ್ಲೇ ನಡೆದುದೆಂದು ಹೇಳುವುದು ಕಷ್ಟ. ಊರು ಏಕೆ ಬಿದ್ದಿತು ಎಂಬ ದುಃಖಕ್ಕೆ ಜನ ಒಂದು ಮುಖವನ್ನು ಹುಡುಕುತ್ತಾರೆ. ಅಲ್ಲಿ ಹೆಲೆನಳ ಮುಖ ಸಿಕ್ಕಿತು, ಇಲ್ಲಿ ರತ್ನಾಜಿಯದು.

ಹುಡುಗನ ಪ್ರಶ್ನೆಗೆ ಉತ್ತರ ದೊರೆಯುವುದು ಮುಖ್ಯವಾಗಿ ಇಬ್ನ್ ಬತೂತ ಎಂಬ ಮೊರಾಕ್ಕೋ ದೇಶದ ಪ್ರವಾಸಿಯ ಬರಹದಲ್ಲಿ. ಕಂಪಿಲಿ ಬಿದ್ದುದು 1327ರಲ್ಲಿ. ಅವನು ದಿಲ್ಲಿಗೆ ಬಂದುದು ಅದಾದ ಕೆಲವೇ ವರ್ಷಗಳ ಅನಂತರ. ಅವನು ಹೇಳುವ ಕಾರಣದಲ್ಲಿ ಯಾವ ರಾಣಿಯೂ ಇಲ್ಲ. ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗ ಬಹಾಉದ್ದೀನ್ ಗುರ್ಶಾಸ್ಪ್ ಎಂಬವನು ಸುಲ್ತಾನನಿಗೇ ತಿರುಗಿಬಿದ್ದನು; ಸೋತನು; ಓಡಿಬಂದು ಕಂಪಿಲರಾಯನ ಮೊರೆಹೊಕ್ಕನು. ರಾಯ ಆಶ್ರಯ ಕೊಟ್ಟನು. ಅವನನ್ನು ಹಿಡಿದೊಪ್ಪಿಸಿದ್ದರೆ ಊರು ಬಹುಶಃ ಉಳಿಯುತ್ತಿತ್ತು. ಒಪ್ಪಿಸಲಿಲ್ಲ. ಹಿಂದೂ ಮುಸಲ್ಮಾನರ ಯುದ್ಧವೆಂದು ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರು ಗಮನಿಸಬೇಕಾದ ಸಂಗತಿ ಇದು: ಕಂಪಿಲನು ತನ್ನ ರಾಜ್ಯವನ್ನು ಪಣವಿಟ್ಟುದು ಮರೆಹೊಕ್ಕ ಒಬ್ಬ ಮುಸಲ್ಮಾನ ಅತಿಥಿಗಾಗಿ.

ಮುತ್ತಿಗೆ ಬಿಗಿಯಾಗಿ ಕೋಟೆಯೊಳಗೆ ಧಾನ್ಯ ಮುಗಿಯಿತು. ಇನ್ನು ಉಳಿಗಾಲವಿಲ್ಲವೆಂದು ಕಂಡಾಗ ರಾಯನು ಮಾಡಿದ ಮೊದಲ ಕೆಲಸ, ಅತಿಥಿಯನ್ನು ಸುರಕ್ಷಿತವಾಗಿ ಬೇರೊಬ್ಬ ಅರಸನ ಬಳಿಗೆ ಕಳುಹಿಸಿದುದು. ಆಮೇಲೆ ದೊಡ್ಡ ಬೆಂಕಿಯನ್ನು ಹೊತ್ತಿಸಲಾಯಿತು. ಅರಮನೆಯ ಹೆಂಗಸರೂ ಮಂತ್ರಿ ಮಾನ್ಯರ ಮನೆಗಳ ಹೆಂಗಸರೂ ಮಿಂದು, ಗಂಧ ಲೇಪಿಸಿಕೊಂಡು, ರಾಯನಿಗೆ ನಮಸ್ಕರಿಸಿ, ಆ ಬೆಂಕಿಯನ್ನು ಹೊಕ್ಕರು. ಗಂಡಸರು ಬಾಗಿಲು ತೆರೆದು ಹೊರಬಿದ್ದು, ರಾಯನೊಡನೆ ಕಾದಿ ಸತ್ತರು. ಆ ಅತಿಥಿಯ ಗತಿಯೂ ಒಳ್ಳೆಯದಾಗಲಿಲ್ಲ. ಅವನು ಹೋಗಿ ಸೇರಿದ ಹೊಯ್ಸಳ ಬಲ್ಲಾಳನು ಕಂಪಿಲಿಗೆ ಆದುದನ್ನು ನೋಡಿ ಅವನನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿದನು. ಸುಲ್ತಾನನು ಘೋರವಾದ ಶಿಕ್ಷೆ ಕೊಟ್ಟು ಕೊಲ್ಲಿಸಿದನು. ಬಲ್ಲಾಳನ ದೋರಸಮುದ್ರ ಆ ಸಲಕ್ಕೆ ಉಳಿಯಿತು. ರಾಜನೀತಿಯ ಲೆಕ್ಕದಲ್ಲಿ ಬಲ್ಲಾಳ ಜಾಣ. ಆದರೆ ಆ ಜಾಣತನದ ಮೇಲೆ ಸಾಂಗತ್ಯವನ್ನು ಕಟ್ಟಿದ ಕವಿ ಒಬ್ಬನೂ ಇಲ್ಲ.

ಇಬ್ನ್ ಬತೂತನಲ್ಲಿ ಕುಮಾರರಾಮನ ಹೆಸರಿಲ್ಲ. ಹಾಗೆಂದು ರಾಮ ಇರಲೇ ಇಲ್ಲವೆನ್ನುವಂತಿಲ್ಲ. ಹಾವೇರಿಯ ಬಳಿಯ ಸಂಗೂರಿನ ಹದಿನೈದನೆಯ ಶತಮಾನದ ಶಾಸನವೊಂದು ಕಂಪಿಲನ ಮಗನಾದ ಕುಮಾರ ರಾಮನಾಥನನ್ನು ಸ್ಮರಿಸುತ್ತದೆ. ನಂಜುಂಡನಿಗೂ ಮೊದಲೇ ಆ ವೀರ ಪೂಜೆಗೆ ಸಂದಿದ್ದನು. ಪ್ರವಾಸಿ ಹೇಳುವುದು ಬೇರೆ ಮಕ್ಕಳ ಸಂಗತಿ. ಕಂಪಿಲರಾಯನ ಹನ್ನೊಂದು ಮಂದಿ ಗಂಡುಮಕ್ಕಳು ಸೆರೆ ಸಿಕ್ಕರು, ದಿಲ್ಲಿಗೆ ಹೋದರು, ಇಸ್ಲಾಂ ಮತವನ್ನು ಸ್ವೀಕರಿಸಿದರು, ಅವರ ಕುಲವನ್ನೂ ತಂದೆಯ ನಡತೆಯನ್ನೂ ಮೆಚ್ಚಿ ಸುಲ್ತಾನನು ಅವರಿಗೆ ಅಮೀರರ ಪದವಿ ಕೊಟ್ಟನು. ಅವರಲ್ಲಿ ಮೂವರನ್ನು ಇಬ್ನ್ ಬತೂತನೇ ಕಂಡು ಪರಿಚಯ ಮಾಡಿಕೊಂಡಿದ್ದನು.

ಈ ಒಂದು ವಾಕ್ಯವನ್ನು ಓದಿದಾಗಲೆಲ್ಲ ನನ್ನ ಮನಸ್ಸು ನಿಂತುಬಿಡುತ್ತದೆ. ನಮ್ಮ ಹಾಡುಗಳಲ್ಲಿ ಸತ್ತ ಮಗನಿಗೆ ನೂರಾರು ಪದ್ಯಗಳಿವೆ. ಬದುಕಿ ಉಳಿದ ಹನ್ನೊಂದು ಮಕ್ಕಳ ಬಾಳು ಯಾರ ಹಾಡಿಗೂ ವಸ್ತುವಾಗಲಿಲ್ಲ. ಹುಟ್ಟಿದ ಊರು ಸುಟ್ಟುಹೋದ ಮೇಲೆ, ತಾಯಂದಿರು ಬೆಂಕಿ ಹೊಕ್ಕ ಮೇಲೆ, ದೂರದ ದಿಲ್ಲಿಯಲ್ಲಿ ಹೊಸ ಹೆಸರಿನಿಂದ ಬದುಕಬೇಕಾದ ಆ ಅಣ್ಣತಮ್ಮಂದಿರು ತಮ್ಮತಮ್ಮಲ್ಲಿ ಯಾವ ಮಾತಾಡಿಕೊಳ್ಳುತ್ತಿದ್ದರು, ಯಾವ ಭಾಷೆಯಲ್ಲಿ ಆಡಿಕೊಳ್ಳುತ್ತಿದ್ದರು? ಹಾಡಿಗೆ ಸಾಯುವವನು ಬೇಕು. ಬದುಕುವವನ ಪಾಡು ಹಾಡಿನ ಅಳತೆಗೆ ಸಿಕ್ಕುವುದಿಲ್ಲ.

ಆದರೂ ಊರನ್ನು ಮತ್ತೆ ಕಟ್ಟುವವರು ಉಳಿದವರೇ. ಹರಿಹರ ಬುಕ್ಕರು ಕಂಪಿಲಿಯ ಸೇವೆಯಲ್ಲಿದ್ದು, ಅದು ಬಿದ್ದಾಗ ಸೆರೆಯಾಗಿ ದಿಲ್ಲಿಗೆ ಹೋಗಿ, ಮರಳಿ ಬಂದು ಆನೆಗೊಂದಿಯಲ್ಲಿ ನೆಲೆಗೊಂಡರೆಂದು ಪ್ರಬಲವಾದ ಒಂದು ಸಂಪ್ರದಾಯ ಹೇಳುತ್ತದೆ. ಅವರು ಹೊಯ್ಸಳರ ಅಧಿಕಾರಿಗಳಾಗಿದ್ದರೆಂದು ವಾದಿಸುವ ವಿದ್ವಾಂಸರೂ ಉಂಟು. 1535ರ ಸುಮಾರಿಗೆ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ವರ್ತಕ ನೂನಿಜ್, ನಗರದ ಮೂಲವನ್ನು ಈ ಪತನದಿಂದಲೇ ಆರಂಭಿಸುತ್ತಾನೆ. ತೇದಿಯನ್ನು ಅವನು ಒಂದು ಶತಮಾನದಷ್ಟು ಹಿಂದಕ್ಕೆ ಹಾಕಿದ್ದಾನೆ. ಆದರೆ ಎಲ್ಲರೂ ಮಡಿದ ಕೋಟೆಯಲ್ಲಿ ಬದುಕಿ ಉಳಿದ ಕೆಲವೇ ಮುದುಕರಲ್ಲಿ ಮಂತ್ರಿಯೂ ಬೊಕ್ಕಸದವನೂ ಇದ್ದರೆಂದೂ, ರಾಜ್ಯ ಮತ್ತೆ ಅವರ ಕೈಗೆ ಬಂದಿತೆಂದೂ ಹೇಳುತ್ತಾನೆ. ಎನ್. ವೆಂಕಟರಮಣಯ್ಯನವರು 1929ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರೇ 'ಕಂಪಿಲಿ ಮತ್ತು ವಿಜಯನಗರ' ಎಂಬ ಅರ್ಥದ್ದು. ಕಂಪಿಲಿ ಬಿದ್ದ ಒಂಬತ್ತು ವರ್ಷಗಳ ಮೇಲೆ, 1336ರಲ್ಲಿ, ವಿಜಯನಗರದ ಹುಟ್ಟನ್ನು ಹೇಳುವುದು ವಾಡಿಕೆ.

ಟ್ರಾಯಿಗೂ ಇಂಥದೇ ಒಂದು ಬಾಲವುಂಟು. ಉರಿಯುವ ಊರಿನಿಂದ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಹೊರಟ ಈನಿಯಸನ ವಂಶದವರೇ ರೋಮ್ ನಗರವನ್ನು ಕಟ್ಟಿದರೆಂದು ರೋಮನ್ನರು ನಂಬಿದರು. ವರ್ಜಿಲನು ಅದನ್ನೇ ಮಹಾಕಾವ್ಯವಾಗಿ ಬರೆದನು. ಆ ಲೆಕ್ಕದಲ್ಲಿ ಕಂಪಿಲಿ ನಮ್ಮ ಟ್ರಾಯ್, ವಿಜಯನಗರ ನಮ್ಮ ರೋಮ್. ಒಂದು ಭೇದ ಮಾತ್ರ ದೊಡ್ಡದು. ಟ್ರಾಯನ್ನು ಹಾಡಿದ ಹೋಮರನು ಗೆದ್ದವರ ಕಡೆಯ ಕವಿ. ಸೋತ ಹೆಕ್ಟರನಿಗಾಗಿ ಅವನು ಕಣ್ಣೀರಿಟ್ಟುದು ಅವನ ದೊಡ್ಡತನ. ಕಂಪಿಲಿಯನ್ನು ಹಾಡಿದವರು ಸೋತವರ ಮೊಮ್ಮಕ್ಕಳು. ಸೋಲನ್ನು ಅಡಗಿಸದೆ, ಸೋತವನನ್ನೇ ದೇವರ ಪಕ್ಕದಲ್ಲಿ ಕೂರಿಸಿದರು.

ಇಂದು ಆ ಪುಟ್ಟ ರಾಜ್ಯದ ನೆನಪುಗಳು ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿವೆ. ಹೇಮಕೂಟ 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿ, ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲಿ, ಕುಮ್ಮಟ ಕೊಪ್ಪಳದಲ್ಲಿ. ಹಂಪೆಯನ್ನು 1986ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಟ್ರಾಯ್ ಸೇರಿದುದು 1998ರಲ್ಲಿ. ಕಂಪಿಲಿಗೆ ಯಾವ ಪಟ್ಟಿಯೂ ಇಲ್ಲ. ಸಂಡೂರಿನ ಬೆಟ್ಟಗಳು ಕಬ್ಬಿಣದ ಅದಿರಿಗಾಗಿ ದಿನವೂ ಅಗೆಯಲ್ಪಡುತ್ತಿವೆ. ಊರು ಹುಡುಕುವ ಆತುರದಲ್ಲಿ ಶ್ಲೀಮನ್ ಊರನ್ನೇ ಅಗೆದುಹಾಕಿದನೆಂದು ನಗುವ ನಾವು, ಹುಡುಕುವುದಕ್ಕೆ ಮೊದಲೇ ಅಗೆದು ಸಾಗಿಸದಂತೆ ನೋಡಿಕೊಳ್ಳಬೇಡವೇ?

ಹುಡುಗಿಯ ಪ್ರಶ್ನೆಯಲ್ಲಿ ಇನ್ನರ್ಧ ಬಾಕಿ ಉಳಿದಿದೆ. ಟ್ರಾಯ್ ಬಿದ್ದು ಎಷ್ಟೋ ಶತಮಾನಗಳ ಮೇಲೆ, ಕ್ರಿ.ಪೂ. 415ರಲ್ಲಿ, ಯೂರಿಪಿಡೀಸ್ ಎಂಬ ನಾಟಕಕಾರ ಆ ಊರಿನ ಹೆಂಗಸರನ್ನೇ ರಂಗದ ಮೇಲೆ ತಂದು ಮಾತಾಡಿಸಿದನು. ಗೆದ್ದವರ ಮಕ್ಕಳಾದ ಗ್ರೀಕರು ಕುಳಿತು ಅದನ್ನು ಕೇಳಿದರು. ಕಂಪಿಲಿಯಲ್ಲಿ ಒಬ್ಬ ರತ್ನಾಜಿಯ ಹೆಸರನ್ನು ನಾವು ಶತಮಾನಗಳಿಂದ ಬೈಯುತ್ತ ಬಂದಿದ್ದೇವೆ. ಗಂಧ ಲೇಪಿಸಿಕೊಂಡು ಬೆಂಕಿಯ ಕಡೆಗೆ ನಡೆದ ಉಳಿದವರ ಹೆಸರುಗಳು ನಮಗೆ ಗೊತ್ತಿಲ್ಲ. ಕಥೆ ಹೇಳಿದವರೂ ಚರಿತ್ರೆ ಬರೆದವರೂ ಅವರನ್ನು ಅಲ್ಲಿಯೇ ಬಿಟ್ಟು ಮುಂದೆ ಹೋದರು. ಅವರು ಬಾಯಿಬಿಟ್ಟು ಆಡುವ ಮಾತನ್ನು ಕನ್ನಡದಲ್ಲಿ ಇನ್ನು ಬರೆಯಬೇಕಾಗಿದೆ. ಸಂಡೂರಿನ ಆ ಹುಡುಗಿಗೆ ನಾನು ಇಷ್ಟನ್ನೇ ಹೇಳಿದೆ. ಆಕೆ ಟಿಪ್ಪಣಿ ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಂಡಳು.